ಕಡಲತೀರದ ಮಕ್ಕಳ ಕೋಣೆ

ಏಪ್ರಿಲ್ ೧೨, ಶನಿವಾರ

‘ಕಡಲಿನೆದುರು ಎಲ್ಲರೂ ಮಕ್ಕಳೇ’ ಎಂದೇನೋ ಒಂದು ಸಾಲು, ಎಲ್ಲೋ ಓದಿದ್ದು. ಹಾಗಾದರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಇವರು ಆರಿಸಿರುವ ರೆಸಾರ್ಟಿನ ಮಕ್ಕಳ ಕೋಣೆಯಲ್ಲಿ ನಾಲ್ಕು ವರ್ಷದ ಪುಟ್ಟಿಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆತರಬಹುದಂತೆ. ‘ನೀನೂ ಎರಡು ಪುಟ ಓದ್ಕೋಬಹುದಲ್ಲೇ’ ಎಂದು ಆಸೆ ತೋರಿಸುತ್ತಾರೆ. ನಾಳೆಯೇ ರೂಮು ಕಾಯ್ದಿರಿಸಬೇಕಂತೆ.

ರೆಸಾರ್ಟಿಗೆ ಫೋನ್ ಮಾಡಿ, ಎಷ್ಟು ಮಕ್ಕಳಿಗೆ ಒಬ್ಬ ಆಯಾ ಎಂದು ಕೇಳಿದೆ. ‘ಮಕ್ಕಳು ಅಮ್ಮನ್ನ ನೆನೆಸ್ಕೊಳ್ಳೋದೇ ಇಲ್ಲ ಮೇಡಂ’ ಎಂದಳು ಫೋನ್ ಎತ್ತಿದ ಹುಡುಗಿ. ನಾನು ಕೇಳಿದ್ದು ಅದಲ್ಲ.

ನನ್ನ ಅನುಮಾನವೇ ಅತಿಯಾಯಿತೇನೋ ಎಂದು, ಹೋದ ತಿಂಗಳು ಅಲ್ಲಿಗೆ ಹೋಗಿಬಂದಿದ್ದ ಪಕ್ಕದ ಮನೆಯವಳನ್ನು ಸಂಜೆ ಬಾಗಿಲಲ್ಲೇ ವಿಚಾರಿಸಿದೆ. ‘ಕಣ್ಮುಚ್ಚಿ ಹೋಗ್ಬನ್ನಿ ಅಕ್ಕ. ಒಂದಿನ ನಾವಿನ್ನೂ ನೀರಲ್ಲೇ ಇದ್ವಿ, ಪಕ್ಕದ ರೂಮಿನವರನ್ನ ಕಳಿಸಿದ್ವಿ. ಯಾರು, ಏನು ಅಂತ ಒಂದು ಮಾತೂ ಕೇಳ್ದೆ ಮಗೂನ ಅವರ ಕೈಗೆ ಕೊಟ್ರು. ಅಷ್ಟು ಒಳ್ಳೇ ಜನ.’