ಮೊದಲ ದರ್ಜೆಯ ಕೈ

ಬೆಟಗೇರಿ,
ಗುರುವಾರ, ೧೪ ಫೆಬ್ರುವರಿ ೧೯೫೭

ನಮ್ಮ ಮನೆಯವರ ಪಾದಗಳಿಗೆ ಬನಶಂಕರೆವ್ವ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಗಿರಣಿಯ ಅರಳೆ ಧೂಳಿಗೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಬರೆದಿದ್ದೆ. ಕಟ್ಟಿಕೊಂಡಿರಲಿಕ್ಕಿಲ್ಲ, ನಿಮ್ಮ ಹಟ ನನಗೆ ಗೊತ್ತಿಲ್ಲವೇ. ಸೊಲ್ಲಾಪುರದ ಗಾಳಿಯೇ ನಿಮಗೆ ಒಗ್ಗುವುದಿಲ್ಲ. ಅತ್ತೆಯವರು ಆರಾಮ. ನಾನು ಮಾತ್ರ ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಇವತ್ತೂ ರೊಟ್ಟಿ ಸೀದವು.

ಹೋದ ವಾರ ನಮ್ಮ ಓಣಿಯ ಗುಡಿಯಲ್ಲಿ ಸರಕಾರದ ಕೈಮಗ್ಗದ ಸಾಹೇಬರು ನೇಕಾರರ ಪರೀಕ್ಷೆ ಮಾಡಿದರು. ಲಕ್ಷ್ಮೇಶ್ವರದವರು ಸಂಸ್ಥಾನದ ಕಾಲದ ಸನ್ನದು ತಂದಿದ್ದರು, ನಿಜಾಮನ ಸೀಮೆಯವರು ತಮ್ಮನ್ನು ಉಸ್ತಾದ್ ಎಂದುಕೊಂಡರು, ನಮ್ಮವರಿಗೆ 'ಕೈ ಚಲೋ ಐತಿ' ಅಂದರೆ ಮುಗಿಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ಲೆಕ್ಕಕ್ಕಿಲ್ಲ. ರಾಜ್ಯ ಒಂದಾದ ಮೇಲೆ ಕಸುಬಿನ ಮಾಪೂ ಒಂದೇ ಇರಬೇಕಂತೆ: ಬೀದರದಲ್ಲಿ ಮೊದಲ ದರ್ಜೆ ಎಂದರೆ ಮೈಸೂರಿನಲ್ಲೂ ಮೊದಲ ದರ್ಜೆ. ಮುಂದೆ ಪರದೇಶದವರೂ ಒಪ್ಪುವ ಹಾಗೆ ಮಾಡುತ್ತಾರಂತೆ. ನನಗಿದು ಬಹಳ ಸೇರಿತು. ಊರು ಬಿಟ್ಟವನ ಕೈಯನ್ನು ಹೊಸ ಊರಿನವರು ಮತ್ತೆ ಮೊದಲಿನಿಂದ ಅನುಮಾನಿಸುವುದು ತಪ್ಪುತ್ತದೆ. ನಿಮಗೆ ಗಿರಣಿಯಲ್ಲಿ ಆದದ್ದು ಅದೇ ಅಲ್ಲವೇ.

ನೀವು ಹೋದ ಮೇಲೆ ನಾನು ನೇಯ್ದ, ಅಂಚಿನ ತುಂಬ ಹೂವಿರುವ ಹೂದಡಿಯ ಸೀರೆಯನ್ನೂ ಒಯ್ದಿದ್ದೆ. ಸಾಹೇಬರು ತಿರುವಿ ತಿರುವಿ ನೋಡಿ ಯಾರ ಮಗ್ಗದ್ದು ಎಂದರು. "ನಮ್ಮ ಮನಿಯವರ ಮಗ್ಗದ್ರಿ" ಅಂದೆ. ಹೆಸರು ಕೇಳಿದರು. ನಾನು ನಿಮ್ಮ ಹೆಸರು ಹೇಳುವುದುಂಟೇ? ಸೆರಗು ಎಳೆದುಕೊಂಡು ನೆಲ ನೋಡಿದೆ. ಹಿಂದಿನಿಂದ ಪಕ್ಕದ ಮನೆಯ ಕಲ್ಲಣ್ಣಕಾಕಾ ನಿಮ್ಮ ಹೆಸರು ಕೂಗಿದ. ಮೊದಲ ದರ್ಜೆ ನಿಮ್ಮ ಹೆಸರಿಗೆ ಹೋಯಿತು. ಕೈ ಯಾರದೆಂದು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈಗ ಲಕ್ಷ್ಮೇಶ್ವರದ ಹೊಸ ನೇಯ್ಗೆ ಶಾಲೆಗೆ ನಿಮ್ಮನ್ನೇ ಮಾಸ್ತರ್ ಮಾಡುತ್ತಾರಂತೆ. ಸೋಮವಾರ ಗದಗಿನ ಕಚೇರಿಯಲ್ಲಿ ಹೆಸರು ಖಾಯಂ. "ಸುಮ್ಮಕಿರು, ಮಗ ಮನಿಗೆ ಬರ್ತಾನ. ಗಂಡಗ ಬಂದದ್ದು ನಿನಗ ಬಂದಂಗ ಅಲ್ಲೇನು?" ಎನ್ನುತ್ತಾರೆ ಅತ್ತೆ. ನೀವು ಬರಬೇಕೆಂದು ನನಗಿಂತ ಹೆಚ್ಚು ಯಾರಿಗಿದೆ? ಆದರೆ ಶಿರಹಟ್ಟಿಯಲ್ಲಿ ಅಪ್ಪ ನನಗೆ ಕಲಿಸಿದ ಹೂದಡಿ ನಿಮಗೆ ಬರುವುದಿಲ್ಲ. ಹುಡುಗರ ಮುಂದೆ ಕೂತು ಏನು ಕಲಿಸುತ್ತೀರಿ? ಅದೂ ಹೋಗಲಿ, ನನಗೆ ಹೊಟ್ಟೆ ಉರಿಯುತ್ತಿದೆ. ಆ ದರ್ಜೆ ನನ್ನದು. ಸೋಮವಾರದೊಳಗೆ ನಿಮ್ಮ ಉತ್ತರ ಬರುವುದಿಲ್ಲ, ಗೊತ್ತು.

ಅತ್ತೆಯವರ ಆಶೀರ್ವಾದ. ಬೆಲ್ಲ, ಮೆಣಸು ಕುಟ್ಟಿ ಕಳಿಸಿದ್ದೇನೆ, ಬಿಸಿನೀರಿಗೆ ಹಾಕಿಕೊಂಡು ಕುಡಿಯಿರಿ.

ನಿಮ್ಮ,
ಬನಶಂಕರೆವ್ವ

ತಾ.ಕ.: ಸೋಮವಾರ ಸಂಜೆ. ಕಾಗದ ಪೆಟ್ಟಿಗೆಗೆ ಹಾಕಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಗದಗಿಗೆ ಹೋಗಿ ಬಂದೆ. ಅತ್ತೆ ಮಾತು ಬಿಟ್ಟಿದ್ದಾರೆ. ತುಂಬಿದ ಕಚೇರಿಯಲ್ಲಿ ಹೇಳಿದೆ, "ಅದು ಪಾಂಡಪ್ಪನ ಕೈಯಲ್ರಿ, ನಂದು." ಮದುವೆಯಾದ ಮೇಲೆ ನಿಮ್ಮ ಹೆಸರು ಬಾಯಲ್ಲಿ ಬಂದದ್ದು ಇದೇ ಮೊದಲು. ಅಲ್ಲೇ ಮಗ್ಗಕ್ಕೆ ಕೂಡಿಸಿ ನೋಡಿದರು. ಮಾಸ್ತರಿಕೆ ನನಗೆ ಕೊಟ್ಟರು. ಗಿರಣಿ ಬಿಟ್ಟು ಜಲ್ದಿ ಬನ್ನಿ. ಹೂದಡಿ ಕಲಿಯುವವರಲ್ಲಿ ಮೊದಲು ನಿಮ್ಮ ಹೆಸರನ್ನೇ ಹೇಳಿ ಬಂದಿದ್ದೇನೆ. ಎರಡನೇ ಸಲ ಹೇಳುವಾಗ ಅಷ್ಟು ನಾಚಿಕೆಯಾಗಲಿಲ್ಲ.