ಭೀಮ ಅತ್ತದ್ದು

ಗುಂಡ್ಲುಪೇಟೆ, 1996

ನೆರೆದಿರುವ ಮಹಾಜನಗಳೇ, ಚಾಪೆಯ ಮೇಲಿನ ತಾಯಂದಿರೇ, ಕಂಬಕ್ಕೊರಗಿ ತೂಕಡಿಸುವವರೇ, ಕಿವಿಗೊಟ್ಟು ಕೇಳಿರಿ! ಹೀಗೆ ಕೂಗುತ್ತಿದ್ದೇನೆ ಮರಿತಾಯಿ, ಆದರೆ ನನ್ನ ಸಭೆಯೆಂದರೆ ನನ್ನ ಹೆಂಡತಿ ನೀನೊಬ್ಬಳೇ. ನೀನೂ ತೀರಿಕೊಂಡು ವರ್ಷವಾಯಿತು.

ಉಡಿಗಾಲದ ನಾಟಕದಲ್ಲಿ ಈ ಸಲವೂ ನನ್ನದೇ ಭೀಮ. ಬಣ್ಣ ಹಚ್ಚುವವರ ವ್ರತವೆಂದು ಮಾಂಸ ಬಿಟ್ಟೆ, ಬೀಡಿ ಬಿಟ್ಟೆ. ಮನಸ್ಸು ಕುಸಿದಾಗಿನಿಂದ ವರ್ಷಗಟ್ಟಲೆ ನುಂಗುತ್ತಿದ್ದ ಮಾತ್ರೆಯನ್ನೂ ಅವುಗಳ ಜೊತೆಗೇ ಬಿಟ್ಟೆ.

ಇವತ್ತು ಸಂಜೆ ತಾಲೀಮಿನಲ್ಲಿ ಗದೆ ಎತ್ತಿ ಕತ್ತು ಹೊರಳಿಸಿದೆ. ತಲೆಯೊಳಗೆ ಕರೆಂಟು ಹೊಡೆದಂತಾಯಿತು, ಕಾಲಡಿಯ ನೆಲ ತೂಗಿತು. ದುಶ್ಶಾಸನನ ಮೇಲೆ ಗುಡುಗಬೇಕಾದ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮಹಾಲಿಂಗಣ್ಣ ಹಾರ್ಮೋನಿಯಂ ನಿಲ್ಲಿಸಿದ. “ಇಲ್ಲಿ ಅಳೋದು ದ್ರೌಪದಿ ಕಣ್ಲಾ, ನೀನಲ್ಲ! ಕುಡ್ದಿದ್ದೀಯೇನ್ಲಾ?”

“ಇಲ್ಲ ಕಣಣ್ಣ. ವ್ರತ ಅಂತ ಮಾತ್ರೆ ನಿಲ್ಲುಸ್ಬುಟ್ಟೆ.”

“ಥೂ ನಿನ್ನ! ಮಾಂಸ ಬುಡು ಅಂದ ದ್ಯಾವ್ರು ಮಾತ್ರೆನೂ ಬುಡು ಅಂದಿದ್ನಾ? ಡಾಕ್ಟ್ರುನ್ನ ಕೇಳ್ದೆ ಬುಡ್ಬಾರ್ದು ಕಣ್ಲಾ. ನಾಳೆನೇ ಓಗು.”

ವ್ರತವೆಂದು ಅವನಿಗೆ ಹೇಳಿದೆ. ನಿನಗೆ ಹಾಗೆ ಹೇಳಲಾರೆ. ನಿನ್ನನ್ನು ಮಣ್ಣು ಮಾಡಿದ ದಿನ ಊರೆಲ್ಲ ಅತ್ತಿತು, ನಾನು ಬಂದವರಿಗೆ ಕುರ್ಚಿ ಹಾಕುತ್ತಿದ್ದೆ. ಆ ಮಾತ್ರೆ ನನ್ನನ್ನು ಬದುಕಿಸಿತ್ತು, ನಿಜ. ಅಳುವನ್ನೂ ಅದೇ ಕಟ್ಟಿಹಾಕಿದೆ ಎಂದುಕೊಂಡೇ ಅದನ್ನು ಬಿಟ್ಟೆ. ಇವತ್ತಿನ ಅಳು ನಿನಗಾಗಿ ಬಂದದ್ದೋ, ಬರಿಯ ಮೈಯ ತಳಮಳವೋ, ನನಗೇ ತಿಳಿಯದು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೋಗುತ್ತೇನೆ. ಡಾಕ್ಟರ ಮುಂದೆ ಕೂತು, ನಿನ್ನ ಹೆಸರಿನಿಂದಲೇ ಶುರು ಮಾಡುತ್ತೇನೆ.