ಇಸ್ತ್ರಿಗೆ ಕೊಟ್ಟ ನೆರಳು

ಬಾವಿಕಟ್ಟೆ, ಅನಾನಸ್ ತೋಟ
ಬನವಾಸಿ, ಶಿರಸಿ ತಾಲ್ಲೂಕು
೨೦ ಆಗಸ್ಟ್ ೨೦೨೫

ಬಾವಿಯಾಚೆಯ ಲೋಕದ ಮಗಳೂ, ನಮ್ಮ ಮನೆಯ ಏಕೈಕ ಸೊಸೆಯೂ, ಯಾವ ನೆಟ್‌ವರ್ಕಿಗೂ ನಿಲುಕದವಳೂ ಆದ ಪ್ರೀತಿಯ ಶಿವರಂಜನಿಗೆ,

ಆರೋಗ್ಯವೇ? ನೀರೊಳಗಿನ ನಿನ್ನ ತವರಿನಲ್ಲಿ ಯಾರಿಗೂ ನೆಗಡಿಯಾಗುವುದಿಲ್ಲ ಎಂದು ಎಷ್ಟು ಹೇಳಿದರೂ ಅವ್ವ ನಂಬುತ್ತಿಲ್ಲ. ಈ ಡಬ್ಬಿಯಲ್ಲಿ ಪತ್ರ ಮತ್ತು ಉಂಡಿಯ ಜೊತೆ ಒಣಶುಂಠಿಯನ್ನೂ ಇಟ್ಟಿದ್ದಾಳೆ. ತಿನ್ನದಿದ್ದರೂ ತಿಂದೆ ಎನ್ನು.

ಪಂಚಮಿಗೆ ನಿನ್ನನ್ನು ಕರೆದೊಯ್ಯಲು ನಿಮ್ಮಣ್ಣ ಬಾವಿಯಿಂದ ಎದ್ದು ಬಂದದ್ದು ಇನ್ನೂ ಕಣ್ಣಮುಂದಿದೆ. ನಾನು ಕಿರುಚುವುದರೊಳಗೆ ಅವ್ವ, "ಬಾವ್ಯಾಗಿಂದ ಬರ್ಲಿ, ಬಸ್ಸಿನ್ಯಾಗಿಂದ ಬರ್ಲಿ, ಬೀಗರು ಬೀಗರ. ಮೊದಲ ಕಾಲಿಗೆ ನೀರು ಕೊಡೋ" ಎಂದಳು. ಅಡಿಯಿಂದ ಮುಡಿಯವರೆಗೆ ಸೋರುತ್ತಿದ್ದ ಮನುಷ್ಯನಿಗೆ ನಾನು ತಂಬಿಗೆ ನೀರು ಕೊಟ್ಟೆ. ಅವನೂ ಅಷ್ಟೇ ಗಂಭೀರವಾಗಿ ಕಾಲು ತೊಳೆದುಕೊಂಡ. ಹೊರಡುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತನ್ನು ನಿನಗೆ ತಿಳಿಸಿರಲಿಲ್ಲ: "ತವರಿಗೆ ಬರಾಕ ಸುಂಕ ಇಲ್ರಿ, ತವರು ಬಿಟ್ಟು ಹೋಗಾಕ ಐತಿ. ಹೋದ ಸಲ ಆಕಿ ತನ್ನ ನೆಳ್ಳು ಕೊಟ್ಟು ನಿಮ್ಮ ಕಡೆ ಬಂದ್ಳು. ಈ ಸಲ ಸುಂಕ ನೀವು ಕೊಟ್ಟು ಕರಕೊಳ್ರಿ. ಬಿಟ್ಟಿರಲಾರದ್ದನ್ನ ಕೊಡ್ರಿ."

ಆ ನೆರಳಿನ ಕಥೆಯನ್ನು ಊರಿನಿಂದ ಮುಚ್ಚಿಡಲು ನಾನು ಪಟ್ಟ ಪಾಡು ಶಿವನಿಗೇ ಗೊತ್ತು! ಪಕ್ಕದ ಮನೆಯ ನೀಲಗಂಗವ್ವ, "ಪವನಾ, ನಿನ್ ಹೆಂಡ್ತಿಗೆ ನೆಳ್ಳ ಬೀಳೂದಿಲ್ಲಲ್ಲೋ?" ಎಂದಾಗ, "ಇಸ್ತ್ರಿಗೆ ಕೊಟ್ಟೇವಿ ಬೇ, ನಾಳೆ ಬರ್ತದ" ಎಂದಿದ್ದೆ. ಈಗಲೂ ದಿನಾ ಕೇಳುತ್ತಾಳೆ: "ಇಸ್ತ್ರಿ ಆತೇನೋ?"

ಅನಾನಸ್ ಕೊಯ್ಯುವಾಗ ಬಿಸಿಲು ಬಿದ್ದರೆ ನೀನು ನನ್ನ ನೆರಳಿನೊಳಗೇ ನಡೆಯುತ್ತಿದ್ದೆ. ಒಂದೇ ನೆರಳಿಗೆ ಇಬ್ಬರು. ಈಗ ಅದು ಅಳತೆ ತಪ್ಪಿದ ಅಂಗಿಯ ಹಾಗೆ ನನ್ನ ಮೈಮೇಲೆ ಸಡಿಲವಾಗಿದೆ. ಮೊದಲ ಸಲ ಹಣ್ಣು ಕಚ್ಚಿ ನಾಲಿಗೆ ಉರಿದಾಗ, "ಇದು ತಿನ್ನೋರನ್ನ ತಿನ್ನತೈತಿ!" ಎಂದು ಬೆದರಿದ್ದೆಯಲ್ಲ, ಅದಕ್ಕೇ ಈಗಲೂ ಹಣ್ಣಿನ ಒಂದು ತುಂಡಿಗೆ ಉಪ್ಪು ಸವರಿ ನಿನಗೆಂದು ಎತ್ತಿಡುತ್ತೇನೆ. ಸಂಜೆಗೆ ಇರುವೆ ತಿನ್ನುತ್ತದೆ. ಇರುವೆಗೂ ನಾಲಿಗೆ ಉರಿಯುತ್ತದೆಯೇ ಎಂದು ಕೇಳಲು ನೀನಿಲ್ಲ.

ಸುಂಕಕ್ಕೆಂದು ಬೈಕಿನ ಕೀಲಿಯನ್ನು ಡಬ್ಬಿಯಲ್ಲಿಟ್ಟು ಬಾವಿಗೆ ಇಳಿಸಿದೆ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಿಮ್ಮವರು ಕೀಲಿಯ ಜೊತೆ ಒಂದು ತಾವರೆಯನ್ನೂ ಇಟ್ಟು ಕಳಿಸಿದರು. ಮೊಬೈಲ್ ಇಳಿಸಿದೆ, ಎರಡು ತಾವರೆ. ಹೀಗೇ ಆದರೆ ಹೂವಿನ ಅಂಗಡಿ ಇಡಬೇಕಾದೀತು.

ಅತ್ತೆ ಮಾವನಿಗೆ ನಮಸ್ಕಾರ, ನಿಮ್ಮಣ್ಣನಿಗೆ ಒಂದು ಒಣ ಟವೆಲ್, ನಿನಗೆ ಉಳಿದದ್ದೆಲ್ಲ.

ನಿನ್ನ,
ಪವನ್

ತಾ.ಕ.: ಮುಖ್ಯವಾದದ್ದೇ ಉಳಿಯಿತು. ನಿನ್ನೆ ಸಂಜೆ ಬಾವಿಗೆ ಬಾಗಿ ಸುಂಕವಾಗಿ ನನ್ನ ನಗು ಕೊಟ್ಟೆ. ನೀರು ಅದನ್ನು ಹಿಂದಿರುಗಿಸಲಿಲ್ಲ. ಬೆಳಿಗ್ಗೆ ಅವ್ವ ಕೈತಪ್ಪಿ ಹಿಟ್ಟಿನ ಡಬ್ಬಿಯನ್ನು ತಲೆಮೇಲೆ ಸುರುವಿಕೊಂಡಳು. ನಾನು ನಗದೆ ನಿಂತದ್ದು ನೋಡಿ, "ಹಲ್ಲು ನೋಯಾಕತ್ತಾವೇನೋ?" ಎಂದಳು. ಈ ಪತ್ರವನ್ನೂ ನಗದೆಯೇ ಬರೆದೆ. ಮೇಲೆ ಬಂದಾಗ ನನ್ನ ಮುಖ ನೋಡಿ ಸಿಟ್ಟೆಂದುಕೊಳ್ಳಬೇಡ. ನೆರಳು ನನ್ನದೇ ಇಬ್ಬರಿಗೂ ಸಾಕು, ನಗು ನಿನ್ನದೇ ಇಬ್ಬರಿಗೂ ಸಾಕು. ಹಗ್ಗ ಬಿಟ್ಟಿದ್ದೇನೆ, ಹಿಡಿ.